ಗುಡ್ಡದ ಮೇಲಿಂದ ನೀವು ನೋಡಿದ ಗಾಡಿ

ಚನ್ನಗಿರಿ
9 ಮಾರ್ಚ್ 2025, ಭಾನುವಾರ

ರಕ್ಷಾಳ ಅಪ್ಪನವರಿಗೆ,

ಸುನಿತಾಳ ನಮಸ್ಕಾರ. ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಫೋನ್ ಮಾಡಿದರೆ ನೀವು "ಹ್ಞೂಂ, ಆಯ್ತು, ಇಡ್ತೀನಿ" ಎನ್ನುತ್ತೀರಿ. ಕಾಗದವನ್ನಾದರೆ ಸಿಟ್ಟಿನಿಂದ ಎತ್ತಿಟ್ಟರೂ ಆಮೇಲೆ ಮತ್ತೆ ತೆಗೆದು ಓದಬಹುದು. ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಒಮ್ಮೆ ಗೇಟಿನ ತನಕ ಹೋಗಿ ಬಂದೆ, ಒಮ್ಮೆ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋಗಿ ಬಂದೆ.

ಅವ್ವ ಚೆನ್ನಾಗಿದ್ದಾರೆ. ರಕ್ಷಾ ಪರೀಕ್ಷೆಗೆ ಓದುತ್ತಿದ್ದಾಳೆ. ಅಂಗಡಿಯಲ್ಲಿ ಈಗ ನಿಮ್ಮ ತಮ್ಮ ಓಬಳೇಶ ಕೂರುತ್ತಾನೆ. ಕೃತಕ ಕಾಲು ಹಾಕಿಕೊಂಡು ಗಲ್ಲಾಪೆಟ್ಟಿಗೆಯಿಂದ ಗೋಡೌನಿಗೆ ಓಡಾಡುತ್ತಾನೆ, ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತಾನೆ.

ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಗಾಡಿ ಮಾರಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ನ್ಯಾಮತಿ ಹತ್ತಿರದ ಹಳ್ಳದಲ್ಲಿ ನೀವು ಓಡಿಸುತ್ತಿದ್ದ ಆ ಜೀಪು ಮಗುಚಿ, ಓಬಳೇಶನ ಎಡಗಾಲು ಹೋದ ಮೇಲೆ ನೀವು ಅದರ ಮಾತೇ ಎತ್ತಲಿಲ್ಲ. ಅವನು ಆಸ್ಪತ್ರೆಯಿಂದ ಮನೆಗೆ ಬಂದ. ಮುಂದಿನ ವಾರವೇ ನೀವು ಜಗಳೂರಿನ ಗುಡ್ಡದಲ್ಲಿ ಗಾಳಿಯಂತ್ರಗಳ ಕೆಲಸ ಸಿಕ್ಕಿದೆ ಎಂದು ಹೊರಟಿರಿ. ಹೋಗುವಾಗ ಚಪ್ಪಲಿ ಮೆಟ್ಟುತ್ತಾ, "ಆ ಗಾಡಿನ ಯಾರಿಗಾದ್ರೂ ಕೊಟ್ಟುಬಿಡು, ನನ್ನ ಕೇಳ್ಬೇಡ" ಎಂದಿರಿ. ಊಟಕ್ಕೆ ತಮ್ಮನ ಎದುರು ಕೂರಲಾರದೆ ಹೋದಿರಿ ಎಂಬುದು ಈ ಮನೆಯಲ್ಲಿ ಯಾರಿಗೂ ತಿಳಿಯದ ವಿಷಯವಲ್ಲ.

ರಿಪೇರಿ ಮುಗಿದು ಬಹಳ ದಿನವಾಯಿತೆಂದು ಹೊನ್ನಾಳಿಯಿಂದ ಮೆಕ್ಯಾನಿಕ್ ಮುಖ್ತಾರ್ ಭಾಯಿ ಫೋನ್ ಮಾಡಿದರು. ಕೊಳ್ಳುವವರೊಬ್ಬರು ಇದ್ದಾರೆ ಎಂದೂ ಹೇಳಿದರು. ನಾನು ಬಸ್ಸು ಹತ್ತಿ ಹೋದೆ. ಪೀಡೆ ತೊಲಗಲಿ ಎಂದೇ ಹೋದೆ. ಭಾನುವಾರ ಬಂತೆಂದರೆ ನಿಮ್ಮನ್ನು ಕಲ್ಲು ಮುಳ್ಳಿನ ದಾರಿಗೆಳೆದುಕೊಂಡು ಹೋಗುವ ಅದನ್ನು ನಾನು ಸವತಿ ಎಂದೇ ಕರೆಯುತ್ತಿದ್ದೆನಲ್ಲ. ಒಳಗೆ ನಮ್ಮ ಸಾಮಾನು ಏನಾದರೂ ಉಳಿದಿದೆಯೇ ನೋಡೋಣವೆಂದು ಹತ್ತಿ ಸ್ಟೇರಿಂಗ್ ಮುಂದೆ ಕುಳಿತೆ. ಎಷ್ಟು ಎತ್ತರ! ಗ್ಯಾರೇಜಿನ ಗೋಡೆಯಾಚೆ ಗದ್ದೆಗಳು, ಅವುಗಳಾಚೆ ತುಂಗಭದ್ರೆ ಬಿಸಿಲಿಗೆ ಹೊಳೆಯುತ್ತಿದ್ದಳು. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು, ಹಿಡಿಕೆ ಹಿಡಿದು ನಿಮ್ಮನ್ನು ಬೈಯುವುದರಲ್ಲೇ ಇದ್ದವಳಿಗೆ ಇದು ಕಂಡೇ ಇರಲಿಲ್ಲ. ಯಾಕೋ ಇಳಿಯಲು ಮನಸ್ಸಾಗಲಿಲ್ಲ. ಕೊಳ್ಳಲು ಬಂದವರಿಗೆ ಕೊಡುವುದಿಲ್ಲ ಎಂದುಬಿಟ್ಟೆ.

ಮುಖ್ತಾರ್ ಭಾಯಿ ತಲೆ ಕೆರೆದುಕೊಂಡರು. "ನಿಮಗೆ ಓಡ್ಸಾಕೆ ಬರಾಂಗಿಲ್ಲ, ಇಟ್ಕೊಂಡು ಏನ್ ಮಾಡ್ತೀರಿ ತಂಗಿ?"

"ಕಲಿಸ್ರಿ ಮತ್ತೆ" ಎಂದೆ.

ಸೂಳೆಕೆರೆಯ ನೀರು ಹಿಂದೆ ಸರಿದ ಬಯಲಿನಲ್ಲಿ ಕಲಿಸಿದರು. ಮೊದಮೊದಲು ಬ್ರೇಕ್ ತುಳಿದರೆ ಹಣೆ ಹೋಗಿ ಗಾಜಿಗೆ ಬಡಿಯುವಂತಾಗುತ್ತಿತ್ತು. ಬಲೆ ಒಣಗಿಸುತ್ತಿದ್ದ ಮೀನಿನವರು ನನ್ನನ್ನು ಕಂಡರೆ ಬಲೆ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಲೈಸೆನ್ಸ್ ಕೈಗೆ ಬಂದ ಮೇಲೆ ನನಗೆ ಏನಾಯಿತೋ ಗೊತ್ತಿಲ್ಲ. ತರಕಾರಿಗೆಂದು ಹೊರಟವಳು ಹೊನ್ನಾಳಿ ಸೇತುವೆಯ ಮೇಲಿರುತ್ತಿದ್ದೆ. ಸುಮ್ಮನೆ ನ್ಯಾಮತಿಯ ಸಂತೆಗೆ ಹೋಗಿ ಸುಮ್ಮನೆ ವಾಪಸು ಬರುತ್ತಿದ್ದೆ. ಅವ್ವ ಬಾಗಿಲಲ್ಲಿ ನಿಂತು, "ಗಂಡ ಹೋದ, ಗಂಡನ ಹುಚ್ಚು ಮಾತ್ರ ಇಲ್ಲೇ ಬಿಟ್ಟು ಹೋಗ್ಯಾನೆ" ಎನ್ನುತ್ತಿದ್ದರು. ನಿಜ. ಮನೆಯೊಳಗೆ ನಾಲ್ಕು ಗೋಡೆ ಮೈಮೇಲೆ ಬಂದಂತಾಗುವಾಗ, ದಾರಿ ಇಲ್ಲದ ಕಡೆಯೂ ಹೋಗಬಲ್ಲ ಗಾಡಿಯೊಂದು ಅಂಗಳದಲ್ಲಿ ನಿಂತಿದ್ದರೆ ಹೇಗಿರುತ್ತದೆ ಎಂಬುದು ಈಗ ನನಗೆ ತಿಳಿದಿದೆ. ಆದರೂ ಒಂದೊಂದು ಸಲ, ಓಬಳೇಶನ ಕಾಲು ತೆಗೆದ ಗಾಡಿಯಲ್ಲಿ ಹೀಗೆ ಖುಷಿಪಡಬಹುದೇ ಎನಿಸಿ, ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಿದ್ದೆ.

ಅವನೇ ಒಂದು ಸಂಜೆ ಅಂಗಳಕ್ಕೆ ಬಂದು ಬಾನೆಟ್ ಮೇಲೆ ಕೈಯಿಟ್ಟು ನಿಂತ. "ನನ್ನೂ ಕರ್ಕೊಂಡು ಹೋಗ್ರಿ ಅತ್ತಿಗೆ" ಎಂದ. ಅವ್ವ ಬೇಡವೆಂದು ಅತ್ತರು. ಅವನು ಕೇಳಲಿಲ್ಲ. ಕೆರೆಯ ಬಯಲು ಬರುವ ತನಕ ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಬೆರಳು ಬೆಳ್ಳಗಾಗಿದ್ದವು. ಒಂದು ಕಡೆ ಕೆಸರಿನಲ್ಲಿ ಹಿಂದಿನ ಗಾಲಿಗಳು ಹೂತು ಗಿರಗಿರ ತಿರುಗತೊಡಗಿದವು.

"ನಾಲ್ಕೂ ಗಾಲಿಗೆ ಹಾಕ್ರಿ ಅತ್ತಿಗೆ. ಆ ಸಣ್ಣ ಲಿವರ್ ಐತಲ್ಲ, ಅದು. ಆಕ್ಸಿಲೇಟರ್ ಮೆತ್ತಗೆ. ಹೆದರಬ್ಯಾಡ್ರಿ."

ಗಾಡಿ ಮುಲುಕುತ್ತಾ ಮೇಲೆದ್ದು ಬಂತು. ಅವನು ನಗತೊಡಗಿದ. ಕಾಲು ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗು ನಿಂತ ಮೇಲೆ ಹೇಳಿದ: "ಅಣ್ಣ ಹೋದಾಗಿಂದ ನನ್ನ ಯಾರೂ ಬೈದೇ ಇಲ್ಲ. ಎಲ್ರೂ ಪಾಪ ಪಾಪ ಅಂತಾರೆ. ಅಂವ ಇದ್ದಿದ್ರೆ ಎರಡು ಬೈದು ಕೆಲ್ಸಕ್ಕೆ ಹಚ್ಚಿರೋನು. ಕಾಲು ಹೋದದ್ದಕ್ಕಿಂತ ಅದೇ ಜಾಸ್ತಿ ಬ್ಯಾಸರ."

ಆಮೇಲೆ ಎಷ್ಟೋ ಸಂಜೆ ಹೋದೆವು. ಜಗಳೂರಿಗೆ ಹೋಗಿ ನಿಮ್ಮನ್ನು ನೋಡಿ ಬರೋಣವೆಂದು ಮೊದಲು ಹೇಳಿದ್ದು ಅವನೇ. ಅವ್ವ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು. ದಾವಣಗೆರೆ ದಾಟಿದ ಮೇಲೆ ಹಸಿರು ಕಡಿಮೆಯಾಗುತ್ತಾ ಹೋಯಿತು. ಜಗಳೂರು ಕಳೆದ ಮೇಲೆ ಗುಡ್ಡಗಳ ನೆತ್ತಿಯಲ್ಲಿ ಬಿಳಿ ರೆಕ್ಕೆಗಳು ತಿರುಗುವುದು ಕಂಡಿತು. ಗುಡ್ಡದ ಬುಡದಲ್ಲಿದ್ದ ಕಾವಲುಗಾರ, "ಮಾರುತೇಶಪ್ಪೋರು ಮ್ಯಾಲದಾರೆ. ದಾರಿ ಭಾಳ ಕೆಟ್ಟೈತಿ, ಕಂಪನಿ ಗಾಡೀನೇ ತಿಣುಕ್ತಾವೆ" ಎಂದ. ಅಲ್ಲಿ ಇಳಿದು ನೀರು ಕುಡಿದೆವು. ಆಮೇಲೆ ಗಾಡಿ ಹತ್ತತೊಡಗಿತು.

ಆ ದಾರಿ ನಿಮಗೆ ಗೊತ್ತಲ್ಲ. ಗುಂಡುಕಲ್ಲುಗಳು ಗಾಲಿಯ ಕೆಳಗೆ ಜಾರುತ್ತಿದ್ದವು. ಒಂದು ತಿರುವಿನಲ್ಲಿ ಮುಂದೆ ಬರೀ ಆಕಾಶ ಕಂಡಿತು, ನಾನು ಕಣ್ಣು ಮುಚ್ಚಿಬಿಟ್ಟೆ. ಕೊನೆಗೆ ನೆಲ ಮಟ್ಟಸವಾದಾಗ ನೋಡುತ್ತೇನೆ, ದೂರದಲ್ಲಿ ಗಾಳಿಯಂತ್ರದ ಬುಡದಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು ನೀವು ನಿಂತಿದ್ದೀರಿ. ಹಣೆಗೆ ಅಂಗೈ ಅಡ್ಡ ಹಿಡಿದು ನೋಡಿದಿರಿ. ಗಾಜಿನ ತುಂಬ ಧೂಳು, ಅದರ ಮೇಲೆ ಬಿಸಿಲು. ಒಳಗಿದ್ದವರು ನಿಮಗೆ ಕಂಡಿರಲಿಕ್ಕಿಲ್ಲ. ಆದರೆ ಗಾಡಿ ಯಾವುದೆಂದು ನಿಮಗೆ ತಿಳಿಯಿತು. ತಿರುಗಿ ಶೆಡ್ಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ.

ಒಮ್ಮೆ ಹಾರ್ನ್ ಆಯಿತು. ಬಾಗಿಲು ತೆರೆಯಲಿಲ್ಲ. ನಿಮ್ಮ ಜೊತೆ ಕೆಲಸ ಮಾಡುವವರೊಬ್ಬರು ಬಂದು ನೆಲ ನೋಡುತ್ತಾ, "ಮೀಟಿಂಗ್‌ನಾಗೆ ಅದಾರೆ ಅಂತ ಹೇಳು ಅಂದ್ರು" ಎಂದರು. ಗಾಳಿ ಬಿಟ್ಟರೆ ಯಾರೂ ಇಲ್ಲದ ಗುಡ್ಡದಲ್ಲಿ ಮೀಟಿಂಗು! ನಾನು ಇಳಿದು ರೊಟ್ಟಿಯ ಗಂಟು ಅವರ ಕೈಗಿಟ್ಟೆ. ಹೋಗಿ ಆ ಬಾಗಿಲು ಬಡಿಯಬೇಕೆಂದು ಕೈ ತುರಿಸುತ್ತಿತ್ತು. ಓಬಳೇಶ ಬೇಡವೆಂದು ತಲೆಯಾಡಿಸಿದ. ಬರುವಾಗ ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: "ಅಣ್ಣ ಸೊರಗ್ಯಾನೆ."

ರೀ, ಇಲ್ಲಿ ನಿಮಗೋಸ್ಕರ ಯಾರೂ ಪಂಚಾಯಿತಿ ಸೇರಿಸಿಲ್ಲ. ಕ್ಷಮೆ ಕೇಳಿ ಎಂದೂ ಯಾರೂ ಅನ್ನುವುದಿಲ್ಲ. ಬಂದು ಅಂಗಡಿಯಲ್ಲಿ ಕೂತು, ಬಿಲ್ಲು ತಪ್ಪು ಬರೆದದ್ದಕ್ಕೆ ತಮ್ಮನಿಗೆ ಒಂದು ಸಲ ಬಾಯ್ತುಂಬ ಬೈಯಿರಿ, ಸಾಕು. ಗಾಡಿಯ ಕೀ ಮಾತ್ರ ನಿಮಗೆ ಕೊಡುವುದಿಲ್ಲ. ಬೇಕಾದರೆ ಪಕ್ಕದ ಸೀಟಿನಲ್ಲಿ ಕೂತು ಬನ್ನಿ.

ಬರೆಯುತ್ತಾ ಮತ್ತೆ ಎದ್ದು ನಿಂತಿದ್ದೇನೆ. ಅಂಚೆಪೆಟ್ಟಿಗೆ ಬೀದಿಯ ಕೊನೆಯಲ್ಲೇ ಇದ್ದರೂ ಗಾಡಿಯಲ್ಲೇ ಹೋಗುತ್ತೇನೆ.

ನಿಮ್ಮ
ಸುನಿತಾ

ಮತ್ತೆ: ಒಂದು ವಿಷಯ ಬರೆಯಬೇಡಿ ಎಂದು ಓಬಳೇಶ ನನ್ನಿಂದ ಮಾತು ತೆಗೆದುಕೊಂಡಿದ್ದ. "ಅಣ್ಣ ತಾನಾಗೇ ಬರ್ಲಿ, ನನಗಾಗಿ ಮರುಗಿ ಬರೋದು ಬ್ಯಾಡ" ಎಂದಿದ್ದ. ಕವರು ಅಂಟಿಸಲು ಹೋದರೆ ಕೈ ಏಳುತ್ತಿಲ್ಲ. ಗುಡ್ಡದ ಬುಡದ ತನಕ ಮಾತ್ರ ನಾನು ಓಡಿಸಿದ್ದು. ಅಲ್ಲಿ ನಾವು ಸೀಟು ಬದಲಾಯಿಸಿಕೊಂಡೆವು. ಕ್ಲಚ್ ಇಲ್ಲದ ಗಾಡಿಗೆ ಬಲಗಾಲೊಂದು ಸಾಕಂತೆ. ಆ ಕಲ್ಲಿನ ದಾರಿ ಹತ್ತಿಸಿ, ನಿಮ್ಮ ಬಾಗಿಲ ಮುಂದೆ ನಿಂತು ಹಾರ್ನ್ ಹೊಡೆದವನು ನಿಮ್ಮ ತಮ್ಮ.