ಡೇರೆಯ ನೆತ್ತಿಯ ಕುಣಿಕೆ

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಕೈಗೆ ಏಟಾದ ಸುದ್ದಿ ಯಾರಾದರೂ ತಂದರೆ ತಲೆ ಕೆಡಿಸಿಕೊಳ್ಳಬೇಡ. ಇದನ್ನು ಬರೆಯುತ್ತಿರುವುದು ಅದೇ ಕೈ.

ನಾನು ಹೊರಟ ದಿನ ನೀನು ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿದ್ದೆ: "ನಮ್ಮ ಸೂರೇ ಸೋರ್ತಿದೆ. ಯಾರದ್ದೋ ದೇಶಕ್ಕೆ ಸರ್ಕಾರ ಡೇರೆ ಯಾಕೆ ಕಳಿಸ್ಬೇಕು? ಅದನ್ನ ಕಾಯೋಕೆ ನನ್ನ ಮಗಳೇ ಯಾಕೆ ಹೋಗ್ಬೇಕು?" ನಿನ್ನೆ ಕಂಡದ್ದನ್ನು ಹೇಳುತ್ತೇನೆ, ಕೇಳು.

ನಿನ್ನೆ ಸಂಜೆ ಇಲ್ಲಿ, ನಾವು ಕಾಯುವ ನಿರಾಶ್ರಿತರ ಶಿಬಿರದಲ್ಲಿ, ಬಿರುಗಾಳಿ ಎದ್ದಿತು. ನಮ್ಮ ಕಾವಲು ಗೋಪುರದ ತಗಡೇ ಹಾರಿಹೋಯಿತು; ನನ್ನ ಕೈಗೆ ತಾಗಿದ್ದು ಅದೇ. ಧೂಳು ಇಳಿದ ಮೇಲೆ ನೋಡಿದರೆ, ಬೆಟ್ಟದ ಬುಡದವರೆಗೂ ನೀವು ಕಾರ್ಖಾನೆಯಲ್ಲಿ ಹೊಲಿದ ಡೇರೆಗಳು ಒಂದೂ ಬೀಳದೆ ನಿಂತಿದ್ದವು. ಆಮೇಲೆ ಒಂದೊಂದರೊಳಗೂ ದೀಪ ಹತ್ತಿಕೊಂಡಿತು. ಅಮ್ಮಾ, ಕೈಯಲ್ಲಿ ಬಂದೂಕು ಇದೆ ಅನ್ನುವುದೇ ನನಗೆ ಮರೆತುಹೋಯಿತು.

ಹತ್ತಿರದ ಡೇರೆಗೆ ಹೋದೆ. ನೆತ್ತಿಯ ಕುಣಿಕೆಯಲ್ಲಿ ಎಡಗೈಯವಳಾದ ನೀನು ತಿರುವುಮುರುವಾಗಿ ಹಾಕುವ ಗಂಟು! ಮೇಸ್ತ್ರಿ ಎಷ್ಟು ಬೈದರೂ ನೀನು ಬಿಡದ ಅದೇ ಗಂಟು. ಲಾಂದ್ರ ನೇತುಹಾಕಲೆಂದು ನೀವು ಹೊಲಿಯುವ ಆ ಕುಣಿಕೆಗೆ ಇಲ್ಲಿನ ತಾಯಂದಿರು ಬಟ್ಟೆಯ ತೊಟ್ಟಿಲು ಕಟ್ಟುತ್ತಾರೆ. ಲಾಂದ್ರ ನೆಲದ ಮೇಲಿರುತ್ತದೆ. ತೊಟ್ಟಿಲಲ್ಲಿ ಒಂದು ಕೂಸು ಏನೂ ಆಗೇ ಇಲ್ಲವೆಂಬ ಹಾಗೆ ಮಲಗಿತ್ತು. ಅದರ ಅಜ್ಜಿಗೆ ಗಂಟು ತೋರಿಸಿ "ನಮ್ಮಮ್ಮ" ಅಂದೆ. ನಮ್ಮ ಭಾಷೆ ಬಾರದ ಆಕೆ ಗಂಟನ್ನು ಸವರಿ, ಅದೇ ಕೈಯಿಂದ ನನ್ನ ಕೆನ್ನೆ ಸವರಿದಳು.

ಸೂರಿನ ಹೆಂಚು ಬದಲಿಸಲು ಚಿಕ್ಕಪ್ಪನಿಗೆ ಹೇಳಿದ್ದೇನೆ. ನೀನು ಒಂದು ಕೆಲಸ ಮಾಡು. ಆ ಕುಣಿಕೆಗೆ ಇನ್ನೊಂದು ಸುತ್ತು ಹೊಲಿಗೆ ಹಾಕು, ಜೊತೆಯವರಿಗೂ ಹೇಳು. ಇಲ್ಲಿ ಕೂಸುಗಳು ಬೆಳೆಯುತ್ತಿವೆ.

ನಿನ್ನ ಮೊಂಡಿ