ರೆಕ್ಕೆ ಮುರಿದ ಪಾತ್ರ

ಕೆರೆಬಿಳಚಿ
24 ಮಾರ್ಚ್ 2024, ಭಾನುವಾರ

ಜಗಳೂರಿನ ಸ್ಟಾಫ್ ರೂಮಿನಲ್ಲಿ ಟೀ ಲೋಟ ಹಿಡಿದು ಕುಳಿತಿರುವ ಮಹನೀಯರೇ, ಮಹಿಳೆಯರೇ, ಬಾಗಿಲಿಗೆ ಒರಗಿ ನಿಂತ ಜವಾನರೇ! ಮಾತು ನಿಲ್ಲಿಸಿ! ಪರದೆ ಏಳುತ್ತಿದೆ!

ಹೋದ ಸಲದ ಪತ್ರವನ್ನು ನೀನು ಅಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆಯಂತೆ. ಅದಕ್ಕೇ ಈ ಸಲ ಮೊದಲು ಸಭೆಗೆ ಕೈಮುಗಿದೆ. ಇನ್ನು ಉಳಿದದ್ದೆಲ್ಲ ನಿನಗೆ, ಪ್ರೀತಿಯ ಶಿವಲೀಲಾ.

ಅಕ್ಷರ ನನ್ನದಲ್ಲವೆಂದು ಹುಬ್ಬು ಏರಿಸಬೇಡ. ನನ್ನ ಕನ್ನಡಕ ಬಿದ್ದು ಒಡೆದಿದೆ, ಚನ್ನಗಿರಿಯ ಅಂಗಡಿಯವನು ಗುರುವಾರ ಕೊಡುತ್ತೇನೆ ಅಂದಿದ್ದಾನೆ. ಅಲ್ಲಿಯವರೆಗೆ ಎದುರುಮನೆಯ ಅಂಗನವಾಡಿ ಟೀಚರ್ ಮಮತಾಳೇ ನನ್ನ ಬರವಣಿಗೆ. ಗೊತ್ತಲ್ಲ, ಟ್ರ್ಯಾಕ್ಟರ್ ಓಡಿಸುವ ಮೈಲಾರಿಯ ಹೆಂಡತಿ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. "ಮಾವ, ಮೆಲ್ಲಗೆ ಹೇಳ್ರಿ. ನಾನು ಪಕ್ಕದಾಗೇ ಕುಂತೀನಿ, ಹೊನ್ನಾಳಿಯಾಗಲ್ಲ" ಎಂದು ಈಗಷ್ಟೇ ಬೈದಳು. ಅದನ್ನೂ ಬರೆ ಅಂದೆ, ಬರೆದಿದ್ದಾಳೆ.

ಫೋನಿನಲ್ಲಿ ನನ್ನ ಮಾತು ಕೇಳುವುದಿಲ್ಲವೆಂದು ನೀನು ಹಟ ಹಿಡಿದು ಎರಡು ವರ್ಷವಾಯಿತು. "ಹೇಳೋದಿದ್ರೆ ಬರೆದು ಕಳಿಸ್ರಿ. ಕಾಗದಕ್ಕೆ ಗಂಟಲು ಇರಲ್ಲ" ಅಂದಿದ್ದೆ. ತಪ್ಪು ನನ್ನದೇ, ಒಪ್ಪುತ್ತೇನೆ. ನೀನು ವರ್ಗವಾಗಿ ಜಗಳೂರಿಗೆ ಹೊರಟ ದಿನ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಬಿದ್ದೆನಲ್ಲ, ಅದು "ರಣಗಲಿ ಪ್ರಚಂಡರಾಜ" ನಾಟಕದ ಕೊನೆಯ ಸೀನು. ಸವಳಂಗದಲ್ಲಿ ಆಡಿದಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು. ನೀನೂ ಅತ್ತೆ, ಆಂಬುಲೆನ್ಸ್ ಕರೆಸಿದೆ. ಡಾಕ್ಟರು ಎದೆಗೆ ವೈರು ಹಚ್ಚಿ, "ಯಜಮಾನ್ರ ಹಾರ್ಟು ಎತ್ತಿನ ಹಂಗೈತೆ" ಅಂದರು. ಆಗ ನಾನು, ನೀನು ಎಷ್ಟು ಗಾಬರಿಯಾಗಿದ್ದೀ ನೋಡೋಣವೆಂದು ಒಂದೇ ಒಂದು ಕಣ್ಣು ತೆರೆದೆ. ಆ ಕಣ್ಣನ್ನು ನೀನು ನೋಡಿಬಿಟ್ಟೆ! "ಇನ್ನು ನೀವು ನಿಜವಾಗ್ಲೂ ಬಿದ್ರೂ ನಾನು ನಂಬಲ್ಲ ರೀ" ಎಂದು ಮುಂದಿನ ಬಸ್ ಹತ್ತಿದೆ. ಹಬ್ಬಕ್ಕೆ ಬರುತ್ತೀ, ಹೋಳಿಗೆ ಮಾಡುತ್ತೀ, ಸಂಜೆಯ ಬಸ್ಸಿಗೆ ಹೊರಡುತ್ತೀ. ನಾನು ಗಿರಣಿಯಲ್ಲಿ ಹಿಟ್ಟು ಬೀಸುತ್ತಾ ಡೈಲಾಗ್ ಹೇಳಿಕೊಳ್ಳುತ್ತೇನೆ. ಗಿರಣಿಯೊಂದೇ ನನಗೆ ಸರಿಸಮನಾಗಿ ಕೂಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಯುಗಾದಿಗೆ ಪ್ರಚಂಡರಾಜನನ್ನೇ ಮತ್ತೆ ಆಡುವುದೆಂದು ಕಮಿಟಿ ತೀರ್ಮಾನಿಸಿತು. ಅಧ್ಯಕ್ಷ ಮಹೇಶ್ವರಪ್ಪನಿಗೆ ಒಂದು ಯೋಚನೆ ಹೊಳೆಯಿತು. ಸೂಳೆಕೆರೆಯ ನೀರು ಹಿಂದೆ ಸರಿದು ನಮ್ಮ ಕಡೆ ಹತ್ತಾರು ಎಕರೆ ಬಯಲು ಬಿದ್ದಿದೆ. ಅಲ್ಲೇ ಸ್ಟೇಜ್ ಹಾಕಿದರೆ ನ್ಯಾಮತಿಯಿಂದ ಬಂದವರಿಗೂ ಜಾಗ ಸಾಲುತ್ತದೆ, ಬೈಕು ನಿಲ್ಲಿಸಲೂ ತೊಂದರೆಯಿಲ್ಲ. ಶಹಬ್ಬಾಸ್ ಅಂದೆ! ಹಗ್ಗ ಹಿಡಿದು ಅಳತೆ ಹಾಕಲು ನಾನೇ ಹೋದೆ.

ಇಪ್ಪತ್ತು ಹೆಜ್ಜೆ ಹಾಕಿರಲಿಲ್ಲ, ಗುಬ್ಬಿಗಿಂತ ತುಸು ದೊಡ್ಡದೊಂದು ಮಣ್ಣುಬಣ್ಣದ ಹಕ್ಕಿ ನನ್ನ ಕಾಲ ಮುಂದೆಯೇ ದೊಪ್ಪೆಂದು ಬಿತ್ತು. ಒಂದು ರೆಕ್ಕೆ ಹರಿದ ಛತ್ರಿಯ ಹಾಗೆ ನೆಲಕ್ಕೆ ಹಾಸಿತ್ತು. ಅಯ್ಯೋ ಕೂಸೇ ಎಂದು ಹೆಗಲ ಟವೆಲ್ ತೆಗೆದು ಬಗ್ಗಿದೆ. ತೆವಳಿಕೊಂಡು ಎರಡು ಮಾರು ಮುಂದೆ ಹೋಗಿ ಮತ್ತೆ ಬಿತ್ತು. ನಾನೂ ಹೋದೆ. ಮತ್ತೆ ತೆವಳಿತು. ಹೀಗೆ ಐವತ್ತಾರು ವರ್ಷದ ಗಂಡಸನ್ನು ಬಿಸಿಲಲ್ಲಿ ಇನ್ನೂರು ಹೆಜ್ಜೆ ಬಗ್ಗಿಸಿಕೊಂಡು ನಡೆಸಿ, ಕೊನೆಗೆ ಒಂದು ಕಣ್ಣಲ್ಲಿ ನನ್ನನ್ನೊಮ್ಮೆ ನೋಡಿ, ಭರ್ರನೆ ಹಾರಿಹೋಯಿತು! ರೆಕ್ಕೆಗೆ ಏನೂ ಆಗಿರಲಿಲ್ಲ.

ಆ ಒಂದು ಕಣ್ಣು, ಶಿವಲೀಲಾ! ಟವೆಲ್ ಹಿಡಿದು ಹಾಗೇ ನಿಂತುಬಿಟ್ಟೆ.

ಆಗ ನಿನ್ನ ಮಾತು ನೆನಪಾಯಿತು. ಹತ್ತು ವರ್ಷದ ಹಿಂದೆ ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು, "ಅದು ಚಿಟವ ರೀ. ಮೊಟ್ಟೆ ಉಳಿಸಿಕೊಳ್ಳಾಕೆ ನಾಟಕ ಆಡುತ್ತೆ, ನಿಮಗಿಂತ ಚೆನ್ನಾಗಿ" ಅಂದಿದ್ದೆ. ನನಗಿಂತ ಚೆನ್ನಾಗಿ ಆಡುವವರು ಯಾರೆಂದು ನಾನು ಗುಡುಗಿದ್ದಕ್ಕೆ ಹಕ್ಕಿಗಳೆಲ್ಲ ಎದ್ದುಹೋದವು. "ನಿಮ್ಮ ಗಂಟಲಿಗೆ ಅರ್ಧ ಕೆರೆ ಖಾಲಿಯಾಯ್ತು ನೋಡ್ರಿ" ಎಂದು ನೀನು ಮುಖ ತಿರುಗಿಸಿದೆ.

ಮರುದಿನ ಬೆಳಿಗ್ಗೆ ಹೋಗಿ, ದೂರದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತೆ. ಹೌದು, ನಾನೇ! ಅರ್ಧ ಗಂಟೆಗೆ ಹಕ್ಕಿ ವಾಪಸು ಬಂತು. ಅದರ ಗೂಡು ಅಂದರೆ ಗೂಡೇ ಅಲ್ಲ. ಬರೀ ನೆಲದ ಮೇಲೆ ಹಸುವಿನ ಗೊರಸಿನ ಗುರುತಿನಷ್ಟು ತಗ್ಗು, ಅದರಲ್ಲಿ ಬೆಣಚುಕಲ್ಲಿನಂತೆ ಚುಕ್ಕೆ ಚುಕ್ಕೆ ಇರುವ ಎರಡು ಮೊಟ್ಟೆ. ಒಂದು ಕಂಡ ಮೇಲೆ ಒಂದೊಂದೇ ಕಾಣಿಸತೊಡಗಿದವು. ನಮ್ಮ ಸ್ಟೇಜ್ ಬರುವ ಜಾಗದಲ್ಲೇ ನಲವತ್ತೊಂದು ತಗ್ಗು! ನಡುಮಧ್ಯಾಹ್ನ ತಾಯಿಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಕಾದ ಮೊಟ್ಟೆಯ ಮೇಲೆ ಕೂರುತ್ತದೆ. ಇದು ನಿನಗೆ ಗೊತ್ತಿತ್ತೇ? ಗೊತ್ತಿದ್ದರೂ ಗೊತ್ತಿರಲಿಲ್ಲ ಅಂತ ಬರೆ, ನನಗೆ ಸಂತೋಷವಾಗುತ್ತದೆ.

ನಗು ಬಾರದ ಸಂಗತಿಯೂ ಇದೆ. ಎಂಟು ತಗ್ಗುಗಳ ಮೇಲೆ ಆಗಲೇ ಬೈಕಿನ ಚಕ್ರ ಹರಿದಿತ್ತು. ಕೆರೆಯ ಗೋಡುಮಣ್ಣು ತುಂಬಿ ತೋಟಕ್ಕೆ ಹೊಡೆಯುವ ಟ್ರ್ಯಾಕ್ಟರ್ ದಾರಿಯೂ ಹತ್ತಿರದಲ್ಲೇ ಇದೆ, ಊರ ನಾಯಿಗಳು ಸಂಜೆ ಅಲ್ಲೇ ತಿರುಗುತ್ತವೆ. ಯಾರೋ ಬಿಸಾಡಿಹೋದ ಹರಕು ಮೀನುಬಲೆಯಲ್ಲಿ ಎರಡು ಹಕ್ಕಿ ಸಿಕ್ಕಿ ಒಣಗಿಹೋಗಿದ್ದವು. ಬಲೆ ಬಿಡಿಸಿದೆ. ಅವತ್ತು ಗಿರಣಿ ತೆಗೆಯಲಿಲ್ಲ.

ಕಮಿಟಿಗೆ ಹೇಳಿದೆ. ಮಹೇಶ್ವರಪ್ಪ ಬಿದ್ದು ಬಿದ್ದು ನಕ್ಕ. "ಬೆನಕಪ್ಪ, ಡೈಲಾಗ್ ಮರೆತೈತೆ ಅಂತ ನೇರವಾಗಿ ಹೇಳಪ್ಪ. ಹಕ್ಕಿ ಮ್ಯಾಲೆ ಯಾಕೆ ಹಾಕ್ತೀಯ?" ಅಂದ. ನಾನು ನಿಜ ಹೇಳುತ್ತಿದ್ದೇನೆ ಅಂದೆ. "ನೀನು ನಿಜ ಹೇಳಿದ್ದು ಯಾವಾಗಪ್ಪ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಮೊನ್ನೆ ಗುರುವಾರ ಬೆಳಿಗ್ಗೆ ನೆಲ ಮಟ್ಟ ಮಾಡಲು ಮೈಲಾರಿ ಬ್ಲೇಡ್ ಕಟ್ಟಿದ ಟ್ರ್ಯಾಕ್ಟರ್ ತಂದ, ಹಿಂದೆಯೇ ಕಮಿಟಿಯೂ ಬಂತು. ಹಕ್ಕಿಗಳು ಒಂದಾದ ಮೇಲೊಂದು ಟ್ರ್ಯಾಕ್ಟರ್ ಮುಂದೆ ಬಿದ್ದು ರೆಕ್ಕೆ ಎಳೆಯತೊಡಗಿದವು. ಮೈಲಾರಿ ಎತ್ತರದಲ್ಲಿ ಕೂತಿದ್ದ, ಅವನಿಗೆ ಅದು ಕಾಣುತ್ತಿರಲಿಲ್ಲ. ಆಗ ನಾನು ರಂಗಪ್ರವೇಶ ಮಾಡಿದೆ! ಹಕ್ಕಿಯ ಪಕ್ಕದಲ್ಲೇ ಬಿದ್ದು, ಬಲಗೈ ನೆಲಕ್ಕೆ ಹಾಸಿ, ನರಳುತ್ತಾ ತೆವಳಿದೆ. ಮೈಲಾರಿ ಗಾಡಿ ನಿಲ್ಲಿಸಿ, ಇಂಜಿನ್ ಆರಿಸದೆ, "ಏಳ್ರಿ ಯಜಮಾನ್ರೇ, ಈ ಸೀನು ಸವಳಂಗದಾಗೆ ನೋಡೀನಿ" ಅಂದ. ಮಹೇಶ್ವರಪ್ಪ, "ಆಡ್ಲಿ ಬಿಡೋ, ದಣಿದ ಮ್ಯಾಲೆ ಏಳ್ತಾನೆ" ಅಂದ.

ಎದ್ದೆ. ಎದ್ದು ಎರಡನೇ ಸಲ ಬಿದ್ದೆ. ಮಹಾಜನಗಳೇ, ಅದು ನನ್ನ ಮೂವತ್ತು ವರ್ಷದ ರಂಗಜೀವನದಲ್ಲೇ ದೊಡ್ಡ ಅಭಿನಯ! ಇಂಜಿನ್ ಆರಿತು. ಮೈಲಾರಿ ಹಾರಿ ಇಳಿದು ಓಡಿಬಂದ. ಮಹೇಶ್ವರಪ್ಪ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಬ್ಯಾಡಪ್ಪ, ಸ್ಟೇಜೇ ಬ್ಯಾಡ" ಎಂದು ಕಣ್ಣೀರು ಹಾಕಿದ. ಯಾವ ಡೈಲಾಗ್ ಹೇಳಿದೆ ಎಂದು ಕೇಳಬೇಡ, ಆವೇಶದಲ್ಲಿ ಮರೆತುಹೋಗಿದೆ.

ಒಟ್ಟಿನಲ್ಲಿ ಜಯ! ನಾಟಕ ಊರೊಳಗಿನ ಸ್ಕೂಲ್ ಮೈದಾನಕ್ಕೆ ಹೋಯಿತು. ಹಳೇ ಪರದೆಯ ಹಗ್ಗವನ್ನು ಕೆರೆಯಂಗಳದ ಸುತ್ತ ಕಟ್ಟಿಸಿದ್ದೇನೆ. ಗೋಡುಮಣ್ಣಿನವರು ದಾರಿ ಬದಲಿಸಿದ್ದಾರೆ. ಒಂದು ಬೋರ್ಡೂ ನಿಲ್ಲಿಸಿದೆವು, ಒಕ್ಕಣೆ ನನ್ನದು: "ಶ್ರೀ ಚಿಟವ ಕೃಪಾಪೋಷಿತ ನಾಟಕ ಮಂಡಳಿ. ದಿನವೂ ಬೆಳಗಿನಿಂದ ಸಂಜೆಯವರೆಗೆ ಭಾವಪೂರ್ಣ ಅಭಿನಯ. ಹಗ್ಗದ ಹೊರಗಿನಿಂದ ನೋಡಿ ಆನಂದಿಸಿರಿ. ಬೈಕು, ನಾಯಿ, ಬೆನಕಪ್ಪನ ಗಂಟಲು, ಈ ಮೂರಕ್ಕೂ ಪ್ರವೇಶವಿಲ್ಲ."

ನಿನ್ನೆ ಮೊದಲ ಮರಿ ಹೊರಬಂತು. ಹತ್ತಿಯ ಉಂಡೆಗೆ ಕಾಲು ಬಂದ ಹಾಗಿತ್ತು.

ಶಿವಲೀಲಾ, ಆ ಹಕ್ಕಿ ಬಿದ್ದದ್ದು ಮೊಟ್ಟೆಗಾಗಿ. ಬಸ್ ಸ್ಟ್ಯಾಂಡಿನಲ್ಲಿ ನಾನು ಬಿದ್ದದ್ದು, ನಿನ್ನ ಅಡುಗೆ, ನಿನ್ನ ಬೈಗುಳ, ನಿನ್ನ ಚಪ್ಪಾಳೆ ತಪ್ಪಿಹೋಗುತ್ತದಲ್ಲ ಎಂದು. ಇಷ್ಟು ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಪರೀಕ್ಷೆ ಡ್ಯೂಟಿ ಮುಗಿದ ಮೇಲೆ ದುರ್ಬೀನು ತೆಗೆದುಕೊಂಡು ಬಾ. ಎರಡು ದಿನ ಇರು. ನನಗಾಗಿ ಬೇಡ ಅನ್ನಿಸಿದರೆ, ಹಕ್ಕಿಗಾಗಿ ಬಾ.

ನಾನು ಎತ್ತಿನ ಹಾಗಿದ್ದೇನೆ. ಯಾವ ಚಿಂತೆಯೂ ಬೇಡ.

ಇಂತಿ ನಿನ್ನ,
ಬೆನಕಪ್ಪ
(ಪ್ರಚಂಡರಾಜ ಖ್ಯಾತಿ)

ವಿ.ಸೂ.: ಶಿವಲೀಲತ್ತೆ, ಇದು ಮಮತಾ. ಮಾವ ಹಿತ್ತಲಿಗೆ ಹೋಗಿದಾರೆ, ಬೇಗ ಬೇಗ ಬರೀತೀನಿ. ಕನ್ನಡಕ ಒಡೆದಿಲ್ಲ, ಅವರ ಮೂಗಿನ ಮೇಲೇ ಐತೆ. ಮುರಿದಿರೋದು ಬಲಗೈ. ಎರಡು ಕಡೆ. ಭುಜದವರೆಗೂ ಪ್ಲಾಸ್ಟರ್ ಹಾಕ್ಯಾರೆ. ನಿಂತ ಟ್ರ್ಯಾಕ್ಟರಿನ ಬಾನೆಟ್ ಹತ್ತಿ ಡೈಲಾಗ್ ಹೇಳಾಕೆ ಹೋಗಿ ಜಾರಿ ಬಿದ್ರು. ಎರಡನೇ ಸಲ ಬಿದ್ದೆ ಅಂತ ಬರೆಸಿದ್ದು ಅದೇ. ನಿಮಗೆ ಹೇಳಬಾರದು, ಹೇಳಿದರೆ ಮತ್ತೆ ನಾಟಕ ಅಂತೀರಿ ಅಂತ ನನ್ನ ಕೈಲಿ ಆಣೆ ಹಾಕಿಸ್ಯಾರೆ. ನಮ್ಮೆಜಮಾನ್ರು ಅವತ್ತು ಇಂಜಿನ್ ಯಾಕೆ ಆರಿಸಿದ್ರು ಗೊತ್ತಾ ಅತ್ತೆ? "ಬಿದ್ದೋರು ಒಂದು ಮಾತೂ ಆಡಲಿಲ್ಲ ಕಣೇ, ಬಾಯಿ ಬಿಟ್ಟರೂ ದನಿ ಬರಲಿಲ್ಲ. ಅದಕ್ಕೇ ನಿಜ ಅಂತ ಗೊತ್ತಾಯ್ತು" ಅಂದ್ರು. ಮಾವ ಬಂದ್ರು.

(ಕೆಳಗಿನ ಸೊಟ್ಟ ಅಕ್ಷರ ಮಾವನದೇ, ಎಡಗೈಯಿಂದು. ನಾನು ಬರೆದದ್ದನ್ನ ಓದಿಸಿ ಕೇಳಿದ್ರು. ಕಾಗದ ಹರಿದು ಹಾಕಲಿಲ್ಲ. ಪೆನ್ನು ಕೊಡು ಅಂದ್ರು.)

ಅವಳು ಬರೆದದ್ದು ನಿಜ. ನೋವು ಐತೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಕೆರೆಯಂಗಳಕ್ಕೆ ಹೋಗಿ, ಹಗ್ಗದ ಹೊರಗೆ, ಮಾತಾಡದೆ ಕೂರ್ತೀನಿ.