ನಾಲ್ಕನೆಯ ವರ್ಷದ ಹಣ್ಣು

ಅಮಾವಾಸ್ಯೆಯ ಮಾರನೆಯ ರಾತ್ರಿ.

ಅಂಗಳದ ಅಂಜೂರ ಹಣ್ಣಾಗಿದೆ. ಶತ್ರುಗಳು ಊರಿಗೆ ಮುತ್ತಿಗೆ ಹಾಕಿದಂದಿನಿಂದ ಹಸಿದು ಹಸಿದು ನಾವೂ ಹಣ್ಣಾಗಿದ್ದೇವೆ. ಮಾವ ಕಾವಲು ಕೂತಿರುವುದು ಮಾತ್ರ ಮರಕ್ಕೆ. ನೆಟ್ಟ ಮರದ ಮೊದಲ ಮೂರು ವರ್ಷದ ಫಲವನ್ನು ಯಾರೂ ತಿನ್ನಬಾರದು, ನಾಲ್ಕನೆಯ ವರ್ಷದ್ದು ದೇವರಿಗೆ ಎಂಬುದು ಹಿರಿಯರ ಕಟ್ಟಳೆ. ಇದು ಮೂರನೆಯ ವರ್ಷ.

ಈ ಮಾವನೇ ನಮ್ಮೂರ ಪ್ರವಾದಿ. ನಮ್ಮ ಪಾಪಕ್ಕೆ ದೇವರ ತೀರ್ಪು ಬಂದಿದೆ, ಊರು ಬೂದಿಯಾಗುತ್ತದೆ ಎಂದು ಬೀದಿಬೀದಿಯಲ್ಲಿ ಸಾರಿ ಕಲ್ಲೇಟು ತಿಂದವರು. ಈಗ ಊರಿನಲ್ಲಿ ತಿನ್ನಲು ಸಿಗುವುದು ಆ ಏಟೊಂದೇ.

“ಮಾವಾ, ಊರೇ ಉರಿದುಹೋಗುತ್ತೆ ಅಂತೀರಿ. ಮುಂದಿನ ವರ್ಷದ ಹಣ್ಣು ಯಾರಿಗೆ, ಬೂದಿಗಾ?” ಎಂದೆ.

“ಉರಿಯುತ್ತೆ ಅಳಿಯಂದ್ರೇ. ಆದ್ರೆ ಸುಡೋ ದೇವರು ನಮ್ಮನ್ನ ಕೈಬಿಟ್ಟೇಬಿಡ್ತೀನಿ ಅಂತ ಎಲ್ಲೂ ಹೇಳಿಲ್ವಲ್ಲ. ಅವನ ಮಾತು ಅವನು ಉಳಿಸ್ಕೋತಾನೆ. ನಮ್ಮದು ನಾವು ಉಳಿಸ್ಕೋಬೇಕು.”

ತಮ್ಮ ಪಾಲಿನ ರೊಟ್ಟಿ ಚೂರನ್ನು ನನ್ನ ಮಗಳಿಗೆ ಕೊಟ್ಟು, ಮರದ ಬುಡಕ್ಕೊರಗಿ ನಿದ್ದೆಹೋದರು.

ಆಗ ಕದ್ದೆ, ಒಂದೇ ಒಂದು ಹಣ್ಣು. ಮಗಳ ಮೊಣಕೈ ಮೂಳೆ ನೋಡಲಾಗುವುದಿಲ್ಲ. ಎಬ್ಬಿಸಿ ತುಟಿಗೆ ಹಿಡಿದೆ. ಮೂಸಿದಳು, ಜೊಲ್ಲು ನುಂಗಿದಳು, ನನ್ನ ಕೈ ತಳ್ಳಿದಳು.

“ಬೇಡಪ್ಪಾ. ಮುಂದಿನ ವರ್ಷ ನಾನೇ ಬುಟ್ಟಿ ಹೊತ್ಕೊಂಡು ಹೋಗಿ ದೇವರಿಗೆ ಕೊಡ್ಬೇಕಂತೆ, ತಾತ ಹೇಳಿದಾರೆ.”

ಕದ್ದ ಹಣ್ಣನ್ನು ಮರದ ಬುಡದಲ್ಲೇ ಇಟ್ಟು ಬಂದೆ. ಅವಳು ಮತ್ತೆ ಮಲಗಿದ್ದಾಳೆ. ಮುಂದಿನ ವರ್ಷವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾಳೆ! ನನಗೋ, ನಾಳೆ ಬೆಳಿಗ್ಗೆ ಅವಳು ಕಣ್ಣು ಬಿಟ್ಟರೆ ಸಾಕು.